ಕೀಮೋ ಬೇಡ ಎನ್ನುವವರಿಗೆ

ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದ ಮನೆಗೆ ಔಷಧಕ್ಕಿಂತ ಮೊದಲು ಸಲಹೆಗಳು ಬಂದು ಬೀಳುತ್ತವೆ. ಅವುಗಳಲ್ಲಿ ತೀರಾ ಹಳೆಯದು, 'ರೋಗಕ್ಕಿಂತ ಕೀಮೋನೇ ಕೊಲ್ಲುತ್ತದೆ' ಎಂಬುದು. ಕೀಮೋದಿಂದ ಯಾರೂ ಸಾಯುವುದಿಲ್ಲ ಎಂದು ನಾನೂ ಹೇಳಲಾರೆ. ಬಿಳಿ ರಕ್ತಕಣ ಕುಸಿದ ದಿನಗಳಲ್ಲಿ ಒಂದು ಸೋಂಕು ಸಾಕು. ಆದರೆ ಚಿಕಿತ್ಸೆಯೇ ಇಲ್ಲದಿದ್ದ ಕಾಲ ಹೇಗಿತ್ತು? 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಎಂಬ ಮದ್ದು ಕೊಟ್ಟು ಕೆಲವು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ತಗ್ಗಿದ್ದನ್ನು ವರದಿ ಮಾಡಿದರು. ಅಲ್ಲಿಯವರೆಗೆ ತೀವ್ರ ಲ್ಯುಕೇಮಿಯಾ ಬಂದ ಮಗು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿತ್ತು. ಇಂದು ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಎಎಲ್‌ಎಲ್‌ನಲ್ಲಿ, ಸೌಲಭ್ಯವಿರುವ ದೇಶಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಆ ಲೆಕ್ಕ ಕಡಿಮೆಯಾಗಲು ಸೋಂಕಿನ ಜೊತೆಗೆ ಚಿಕಿತ್ಸೆಯನ್ನು ನಡುವೆ ಬಿಡುವುದೂ ಕಾರಣ.

'ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ' ಎನ್ನುವವರು ತಮ್ಮ ಅಂಗಳದಲ್ಲೇ ಅರಳಿರುವ ನಿತ್ಯಪುಷ್ಪವನ್ನು ಒಮ್ಮೆ ನೋಡಲಿ. ಎಎಲ್‌ಎಲ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದದ್ದು ಆ ಗಿಡದಿಂದ. ಬೆರಳು ಜೋಮು ಹಿಡಿಯುವುದು, ಮಲ ಕಟ್ಟುವುದು, ಕೆಲವು ಮಕ್ಕಳು ಪಾದ ಎತ್ತಲಾರದೆ ಎಳೆದು ನಡೆಯುವುದು ಇದರಿಂದಲೇ. ರಕ್ತನಾಳಕ್ಕೆ ಹೋಗಬೇಕಾದ ಈ ಮದ್ದು ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಜೀವವೇ ಹೋಗುತ್ತದೆ. ಗಿಡದಿಂದ ಬಂತೆಂದು ಮದ್ದು ಮೆತ್ತಗಾಗುವುದಿಲ್ಲ. ಹಾಗೆಂದು ಯಾರೂ ಮನೆಯಲ್ಲಿ ಅದರ ಎಲೆ ಅರೆಯಲು ಹೊರಡಬೇಡಿ: ಎಲೆಯಲ್ಲಿ ಆ ಅಂಶ ಇರುವುದು ಅತ್ಯಲ್ಪ, ಜೊತೆಗಿರುವ ವಿಷಗಳು ಹಲವು. ಇನ್ನು ಪ್ಲೇಟ್‌ಲೆಟ್ ಏರಿಸಲೆಂದು ಕುಡಿಸುವ ಪರಂಗಿ ಎಲೆಯ ರಸ. ಇಲ್ಲಿ ಪ್ಲೇಟ್‌ಲೆಟ್ ಇಳಿಯುವುದು ಕ್ಯಾನ್ಸರ್ ಕಣಗಳು ಮಜ್ಜೆಯನ್ನು ಆಕ್ರಮಿಸಿರುವುದರಿಂದ. ರಸ ಅವನ್ನು ಅಲ್ಲಿಂದ ತೆರವು ಮಾಡದು.

'ರಿಪೋರ್ಟ್ ನಾರ್ಮಲ್ ಬಂತಲ್ಲ, ಇನ್ನೂ ಎರಡು ವರ್ಷ ಮಾತ್ರೆ ಯಾಕೆ?' ನನಗೆ ಅತಿ ಅಪಾಯಕಾರಿ ಎನಿಸುವ ಪ್ರಶ್ನೆ ಇದೇ, ಏಕೆಂದರೆ ಕೇಳುವವರು ಒಳ್ಳೆಯವರು. ಮೊದಲ ತಿಂಗಳ ಕೊನೆಗೆ ಸೂಕ್ಷ್ಮದರ್ಶಕಕ್ಕೆ ಏನೂ ಕಾಣದಿದ್ದರೂ ದೇಹದಲ್ಲಿ ಕೋಟಿಗಟ್ಟಲೆ ಕ್ಯಾನ್ಸರ್ ಕಣಗಳು ಅಡಗಿರಬಹುದು. ಆಗ ಬಿಟ್ಟರೆ ರೋಗ ಮರಳುತ್ತದೆ, ಎರಡನೇ ಸಲದ ಚಿಕಿತ್ಸೆ ಮೊದಲಿನದಕ್ಕಿಂತ ಕಠಿಣ. ಮಾತ್ರೆ ಕೆಲವರಿಗೆ ಜಾಸ್ತಿಯಾಗುವುದು ನಿಜ. ಟಿಪಿಎಂಟಿ, ಎನ್‌ಯುಡಿಟಿ15 ಎಂಬ ಜೀನ್‌ಗಳ ವ್ಯತ್ಯಾಸವಿದ್ದವರಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಆ ಮಾತ್ರೆ ರಕ್ತಕಣಗಳನ್ನು ಬೇಗ ಇಳಿಸುತ್ತದೆ. ಅದಕ್ಕೇ ರಕ್ತಪರೀಕ್ಷೆ ಮಾಡಿಸಿ ಡೋಸ್ ಇಳಿಸುತ್ತಾರೆ.

'ವೈದ್ಯರು ಅಡ್ಡಪರಿಣಾಮ ಮುಚ್ಚಿಡುತ್ತಾರೆ' ಎಂಬ ಆರೋಪ ಅರ್ಧ ಸುಳ್ಳು. ತಲೆಗೆ ಕೊಡುತ್ತಿದ್ದ ವಿಕಿರಣದಿಂದ ಮಕ್ಕಳ ಕಲಿಕೆ ಕುಂದುತ್ತದೆ, ಮುಂದೆ ಬೇರೆ ಗೆಡ್ಡೆ ಬರಬಹುದು ಎಂದು ಬರೆದವರು ಅವರೇ, ಹೆಚ್ಚಿನ ಮಕ್ಕಳಿಗೆ ಅದನ್ನು ಕೈಬಿಟ್ಟವರೂ ಅವರೇ. ಹೃದಯಕ್ಕೆ ಪೆಟ್ಟಾಗದಂತೆ ಕೀಮೋ ಮದ್ದಾದ ಡೌನೋರುಬಿಸಿನ್‌ನ ಒಟ್ಟು ಪ್ರಮಾಣದ ಲೆಕ್ಕ ಇಡುವವರೂ ಅವರೇ. ಉಳಿದರ್ಧ ನನ್ನದೇ ದೂರು. ಕೂದಲು ಉದುರುತ್ತದೆ ಎಂದು ಹೇಳಿ ಮನೆಗೆ ಕಳಿಸಿಬಿಡುತ್ತಾರೆ. ಕೂದಲು ಮತ್ತೆ ಬರುತ್ತದೆ ಸ್ವಾಮಿ! ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ, ನಡುರಾತ್ರಿಯಾದರೂ ಹೊರಟು ಬನ್ನಿ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡಲು ಎಷ್ಟು ಖರ್ಚಾಗುತ್ತದೆ?