ಪಾಲಿಶ್ ಬಟ್ಟೆ ಕೆಳಗಿಡಿ, ಮೊದಲು ತಗಡು ಓದಿ

ಹಳೆಯ ಫೋನೋಗ್ರಾಫ್ ಕೈಗೆ ಬಂದ ಕೂಡಲೇ ಅನೇಕ ಸಂಗ್ರಾಹಕರು ಮಾಡುವ ಮೊದಲ ಕೆಲಸ ಹಿತ್ತಾಳೆ ಪಾಲಿಶ್ ತರುವುದು. ಮರದ ಪೆಟ್ಟಿಗೆಯನ್ನು ಉಜ್ಜಿ ಹೊಸ ವಾರ್ನಿಷ್ ಬಳಿಯುತ್ತಾರೆ, ಹಾರ್ನಿಗೆ ಹೊಳಪು ಕೊಡುತ್ತಾರೆ, ಕಬ್ಬಿಣದ ಮೇಲಿನ ಮಾಸಿದ ಚಿನ್ನದ ಗೆರೆಗಳನ್ನು ಮುಚ್ಚಿ ಕಪ್ಪು ಬಣ್ಣ ಹೊಡೆಯುತ್ತಾರೆ. ಯಂತ್ರ ಮದುವೆ ಮನೆಯ ದೀಪದಂತೆ ಥಳಥಳಿಸುತ್ತದೆ. ಅದು ಯಾವ ಕಾಲದ್ದು ಎಂದು ಹೇಳಬಲ್ಲ ಗುರುತುಗಳು ಮಾತ್ರ ಅಷ್ಟರಲ್ಲಿ ಹೋಗಿಬಿಟ್ಟಿರುತ್ತವೆ. ಈ ಅಭ್ಯಾಸ ನಿಲ್ಲಬೇಕು. ನೂರು ವರ್ಷ ದಾಟಿದ ಯಂತ್ರವನ್ನು ಮೊದಲು ಓದಬೇಕು, ಒರೆಸುವುದು ಆಮೇಲಿನ ಮಾತು.

ಇಲ್ಲಿ ಹೇಳುತ್ತಿರುವುದು ತಟ್ಟೆ ತಿರುಗಿಸುವ ಗ್ರಾಮಫೋನಿನ ಬಗ್ಗೆ ಅಲ್ಲ, ಅದಕ್ಕಿಂತ ಮೊದಲೇ ಬಂದ, ಟೊಳ್ಳು ಸಿಲಿಂಡರಿನ ಮೈಮೇಲಿನ ಗೆರೆಗಳಿಂದ ಹಾಡು ನುಡಿಸುವ ಯಂತ್ರದ ಬಗ್ಗೆ. ಥಾಮಸ್ ಎಡಿಸನ್ 1877ರಲ್ಲಿ ತವರದ ಹಾಳೆಯ ಮೇಲೆ ದನಿ ಹಿಡಿದರು. ಆದರೆ ಯಂತ್ರ ಮನೆಮನೆಗೆ ಹೋದದ್ದು 1896ರಲ್ಲಿ ಅವರು ನ್ಯಾಷನಲ್ ಫೋನೋಗ್ರಾಫ್ ಕಂಪನಿ ಸ್ಥಾಪಿಸಿ, ಕೀಲಿ ಕೊಟ್ಟರೆ ಓಡುವ ಸ್ಪ್ರಿಂಗ್ ಮೋಟರಿನ ಮಾದರಿಗಳನ್ನು ಮಾರತೊಡಗಿದ ಮೇಲೆ. ಮೊದಲು ‘ಹೋಮ್’ ಬಂತು, 1898ರಲ್ಲಿ ‘ಸ್ಟ್ಯಾಂಡರ್ಡ್’, ಮರುವರ್ಷ ಪುಟ್ಟ ‘ಜೆಮ್’. ಪ್ರತಿಸ್ಪರ್ಧಿ ಕೊಲಂಬಿಯಾ 1897ರಲ್ಲೇ ಹತ್ತು ಡಾಲರಿನ ‘ಈಗಲ್’ ಬಿಟ್ಟಿತ್ತು. ಆ ದಿನಗಳ ಹತ್ತು ಡಾಲರ್ ಚಿನ್ನದ ನಾಣ್ಯದ ಮೇಲಿದ್ದ ಹದ್ದಿನಿಂದಲೇ ಅದಕ್ಕೆ ಆ ಹೆಸರು. ಸಂಗ್ರಾಹಕರ ಕೈಗೆ ಹೆಚ್ಚು ಬರುವುದು ಎಡಿಸನ್ ಸ್ಟ್ಯಾಂಡರ್ಡ್.

ಸ್ಟ್ಯಾಂಡರ್ಡಿನ ವಯಸ್ಸು ಹೇಳುವ ಮೊದಲ ಸಾಕ್ಷಿ ಅದರ ಮೇಲಿನ ಪೇಟೆಂಟ್ ತಗಡು. ಅದರಲ್ಲಿ ಸಾಲುಸಾಲು ದಿನಾಂಕಗಳಿರುತ್ತವೆ, ಕ್ರಮಸಂಖ್ಯೆಯೂ ಇರುತ್ತದೆ. ಹೊಸಬರು ಎಡವುವುದು ಇಲ್ಲೇ. ಕಣ್ಣಿಗೆ ಬಿದ್ದ ಮೊದಲ ದಿನಾಂಕವನ್ನೇ ಯಂತ್ರ ತಯಾರಾದ ವರ್ಷ ಎಂದುಕೊಳ್ಳುತ್ತಾರೆ, ಮಾರುವವರೂ ಹಾಗೆಯೇ ಹೇಳುತ್ತಾರೆ. ಅವು ಪೇಟೆಂಟ್ ದೊರೆತ ದಿನಗಳು, ಅಷ್ಟೇ. ಬೆಲೆಯುಳ್ಳದ್ದು ಕೊನೆಯ ದಿನಾಂಕ: ಅದು 1903 ಎಂದಿದ್ದರೆ ತಗಡು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಎಷ್ಟು ಮುಂದಿನದು ಎಂಬುದನ್ನು ಕ್ರಮಸಂಖ್ಯೆ, ಮಾದರಿಯ ಅಕ್ಷರ, ಪೆಟ್ಟಿಗೆಯ ಆಕಾರ, ಅದರ ಮೇಲಿನ ಹೆಸರಿನ ಶೈಲಿ ಇವೆಲ್ಲ ಸೇರಿ ಹೇಳಬೇಕು. ಮೊದಮೊದಲ ಹೋಮ್ ಯಂತ್ರಗಳ ಪೆಟ್ಟಿಗೆಯ ಮೇಲೆ ರಿಬ್ಬನ್ನಿನಂಥ ಪಟ್ಟಿಯೊಳಗೆ ಪೂರ್ತಿ ಹೆಸರಿರುತ್ತಿತ್ತು, ಮುಂದೆ ಎಡಿಸನ್ ಸಹಿಯೊಂದೇ ಉಳಿಯಿತು. ಮರ ಉಜ್ಜುವ ಕಾಗದಕ್ಕೆ ಮೊದಲು ಬಲಿಯಾಗುವುದು ಈ ಹೆಸರೇ.

ತಗಡು, ಪೆಟ್ಟಿಗೆ, ಒಳಗಿನ ಹಲ್ಲುಚಕ್ರ ಒಂದಕ್ಕೊಂದು ಹೊಂದದಿದ್ದರೆ ‘ನಕಲಿ’ ಎಂದು ಕೂಗುವ ಆತುರವೂ ಬೇಡ. 1902ರಿಂದ 1908ರವರೆಗೆ ಎಡಿಸನ್ ಸಿಲಿಂಡರಿನಲ್ಲಿ ಇಂಚಿಗೆ 100 ಗೆರೆ, ನಿಮಿಷಕ್ಕೆ 160 ಸುತ್ತು, ಸುಮಾರು ಎರಡು ನಿಮಿಷದ ಹಾಡು. ಆ ವರ್ಷ ಬಂದ ‘ಆಂಬರಾಲ್’ ಸಿಲಿಂಡರಿನಲ್ಲಿ ಇಂಚಿಗೆ 200 ಗೆರೆ, ಹಾಡು ನಾಲ್ಕು ನಿಮಿಷಕ್ಕೆ ಏರಿತು. ಮನೆಯಲ್ಲಿದ್ದ ಹಳೆಯ ಯಂತ್ರವನ್ನು ಎಸೆಯಲು ಯಾರಿಗೆ ಮನಸ್ಸು ಬಂದೀತು? ಹಳೆಯದನ್ನೇ ನಾಲ್ಕು ನಿಮಿಷಕ್ಕೆ ಒಗ್ಗಿಸುವ ಬಿಡಿಭಾಗಗಳನ್ನು ಕಂಪನಿಯೇ ಮಾರಿತು. ಹಾಗಾಗಿ 1903ರ ದೇಹದಲ್ಲಿ 1909ರ ಚಕ್ರ ಸಿಕ್ಕರೆ, ಯಾವುದೋ ಕುಟುಂಬ ಹೊಸ ಹಾಡು ಕೇಳಲು ಹಣ ಹೊಂದಿಸಿತು ಎಂದು ಅರ್ಥ. ‘ಮೂಲಸ್ಥಿತಿಗೆ ತರುತ್ತೇನೆ’ ಎಂದು ಆ ಚಕ್ರವನ್ನು ಕಿತ್ತರೆ ಆ ಕುಟುಂಬದ ಕಥೆಯೂ ಕಿತ್ತುಹೋಗುತ್ತದೆ.

ಯಂತ್ರಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಸಿಲಿಂಡರಿಗೆ. ಅದರ ಬಣ್ಣ ಮತ್ತು ವಸ್ತುವೇ ಕಾಲ ಹೇಳುತ್ತವೆ. ಕಂದು ಮೇಣದ್ದಾದರೆ ಸಾಮಾನ್ಯವಾಗಿ 1902ಕ್ಕೆ ಹಿಂದಿನದು, ಎಡಿಸನ್ನರ ಅಚ್ಚಿನಲ್ಲಿ ಎರೆದ ಗಟ್ಟಿ ಕಪ್ಪು ಮೇಣದ್ದು ಆ ವರ್ಷದಿಂದ ಈಚೆಯದು, ಪ್ಲಾಸ್ಟರ್ ತಿರುಳಿನ ಮೇಲೆ ನೀಲಿ ಸೆಲ್ಯುಲಾಯ್ಡ್ ಹೊದ್ದ ‘ಬ್ಲೂ ಆಂಬರಾಲ್’ 1912ರ ನಂತರದ್ದು. 1929ರಲ್ಲಿ ಎಡಿಸನ್ ಕಂಪನಿ ರೆಕಾರ್ಡ್ ವ್ಯಾಪಾರವನ್ನೇ ಬಿಟ್ಟಿತು.

ಕಂದು ಮೇಣದ ಬೆಲೆ ತಿಳಿಯಲು ಅದು ತಯಾರಾಗುತ್ತಿದ್ದ ಬಗೆಯನ್ನು ನೆನೆಯಬೇಕು. ಅಚ್ಚು ಬರುವ ಮೊದಲು ಒಂದು ಸಿಲಿಂಡರಿನಿಂದ ಸಾವಿರಾರು ಪ್ರತಿ ತೆಗೆಯಲು ಆಗುತ್ತಿರಲಿಲ್ಲ. ಗಾಯಕರು ಹಲವು ಯಂತ್ರಗಳ ಹಾರ್ನುಗಳೆದುರು ನಿಂತು ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಿತ್ತು. ಅಮೆರಿಕದ ಮೊದಲ ಕಪ್ಪು ಧ್ವನಿಮುದ್ರಣ ತಾರೆ ಜಾರ್ಜ್ ಡಬ್ಲ್ಯೂ. ಜಾನ್ಸನ್ 1890ರ ದಶಕದಲ್ಲಿ ತಮ್ಮ ನಗುವ ಹಾಡನ್ನು ಹೀಗೆ ಎಷ್ಟೋ ಸಲ ಹಾಡಿದರು. ಹಾಗಾಗಿ ಕಂದು ಸಿಲಿಂಡರಿನಲ್ಲಿರುವ ಉಸಿರು, ತಡವರಿಕೆ ಬೇರೆಲ್ಲೂ ಇಲ್ಲದಿರಬಹುದು.

ಅಂಥದ್ದನ್ನು ‘ಕೇಳಿ ನೋಡೋಣ’ ಎಂದು ಸಿಕ್ಕ ಯಂತ್ರಕ್ಕೆ ಹಾಕುವುದು ಅಪರಾಧಕ್ಕೆ ಸಮ. ಎರಡು ನಿಮಿಷದ್ದಕ್ಕೂ ನಾಲ್ಕು ನಿಮಿಷದ್ದಕ್ಕೂ ಮುಳ್ಳು ಬೇರೆ. ಬ್ಲೂ ಆಂಬರಾಲಿಗಾಗಿ ಮಾಡಿದ ವಜ್ರದ ಮುಳ್ಳು ಮೇಣವನ್ನು ಉತ್ತುಹಾಕುತ್ತದೆ. ಮೇಣದ ಮೇಲಿನ ಬಿಳಿಯ ಚುಕ್ಕೆಗಳನ್ನು ಧೂಳೆಂದು ತಿಳಿಯುವವರಿದ್ದಾರೆ. ಬಹುಪಾಲು ಅದು ಬೂಷ್ಟು, ಗೆರೆಗಳನ್ನೇ ತಿಂದಿರುತ್ತದೆ, ಒರೆಸಿದರೆ ಹಾಡು ಮರಳುವುದಿಲ್ಲ. ಸಿಲಿಂಡರನ್ನು ಹೊರಮೈ ಮುಟ್ಟದೆ, ತೋರುಬೆರಳು ಮತ್ತು ನಡುಬೆರಳನ್ನು ಒಳಗಿಟ್ಟು ಅಗಲಿಸಿ ಎತ್ತಬೇಕು. ನುಡಿಸಿದ ಮೇಲೆ ಯಂತ್ರದ ಮೇಲೆಯೇ ಬಿಡಬಾರದು. ತಣ್ಣಗಾದಾಗ ಮೇಣ ಕುಗ್ಗಿ ಸೀಳುತ್ತದೆ.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ಕಲ್ಕತ್ತಾದ ಹೇಮೇಂದ್ರ ಮೋಹನ್ ಬೋಸ್ ಕಳೆದ ಶತಮಾನದ ಮೊದಲ ದಶಕದಲ್ಲಿ ರವೀಂದ್ರನಾಥ ಠಾಕೂರರ ದನಿಯನ್ನು ಸಿಲಿಂಡರಿಗೆ ಇಳಿಸಿದ್ದರು. ಅವರ ಸಿಲಿಂಡರುಗಳಲ್ಲಿ ಬಹುಪಾಲು ಉಳಿದಿಲ್ಲ. ಇತ್ತ ಹಳೆ ಸಾಮಾನಿನ ಪೇಟೆಗಳಲ್ಲಿ ಹೊಸ ಹಿತ್ತಾಳೆ ಹಾರ್ನು, ಹೊಸ ಪೆಟ್ಟಿಗೆ ಜೋಡಿಸಿದ ‘ಪುರಾತನ’ ಗ್ರಾಮಫೋನುಗಳು ಧಾರಾಳವಾಗಿ ಸಿಗುತ್ತವೆ. ಹೊಳಪೇ ಹಳೆತನದ ಗುರುತು ಎಂದು ನಂಬುವ ಕೊಳ್ಳುಗರಿರುವಷ್ಟು ಕಾಲ ಈ ವ್ಯಾಪಾರ ನಡೆಯುತ್ತದೆ.

ಅಟ್ಟದ ಮೇಲೆ ಮೇಣದ ಸಿಲಿಂಡರ್ ಸಿಕ್ಕವರು ಅದನ್ನು ಡಬ್ಬಿ, ಒಳಗಿನ ಚೀಟಿ ಸಮೇತ ಹಾಗೆಯೇ ಇಟ್ಟು, ಚಿತ್ರ ತೆಗೆದು, ಧ್ವನಿ ಸಂಗ್ರಹಾಲಯವೊಂದಕ್ಕೆ ತಿಳಿಸಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯ ಸಾವಿರಾರು ಸಿಲಿಂಡರುಗಳನ್ನು ಡಿಜಿಟಲ್ ರೂಪಕ್ಕೆ ತಂದು ಉಚಿತವಾಗಿ ಕೇಳಲು ಬಿಟ್ಟಿದೆ. ಮುಳ್ಳು ತಾಗಿಸದೆ, ಗೆರೆಗಳ ಚಿತ್ರ ತೆಗೆದು ದನಿ ಹೊರಡಿಸುವ ‘ಐರೀನ್’ ವಿಧಾನವನ್ನು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ರೂಪಿಸಿದ್ದಾರೆ. ಒಡೆದ ಸಿಲಿಂಡರಿನಿಂದಲೂ ಅದು ದನಿ ತೆಗೆಯಬಲ್ಲದು. ಆದ್ದರಿಂದ ಚೂರುಗಳನ್ನೂ ಎಸೆಯಬಾರದು.