ಹಳದಿ ದೀಪ ಹತ್ತಿದರೆ ಮೊದಲು ಕೋಡ್ ಕೇಳಿ

ನಮ್ಮ ಸಂಘಕ್ಕೆ ಹಾಲು ಹಾಕುವ ಎಷ್ಟೋ ಮನೆಗಳಲ್ಲಿ ಈಗ ಸೆಕೆಂಡ್ ಹ್ಯಾಂಡ್ ಕಾರೋ ವ್ಯಾನೋ ಇದೆ. ಕಂತು ಕಟ್ಟುವುದು ಹಾಲಿನ ಬಟವಾಡೆಯಿಂದ. ಗಾಡಿ ಕೆಟ್ಟಾಗ ಗ್ಯಾರೇಜಿನಲ್ಲಿ ಮಾತಾಡುವವರು ಮಾತ್ರ ಗಂಡಸರು. ದುಡ್ಡು ನಮ್ಮದು, ಪ್ರಶ್ನೆಯನ್ನೂ ನಾವೇ ಕೇಳಬೇಕು ಅಕ್ಕಂದಿರೇ.

ಹೋದ ಮಳೆಗಾಲದಲ್ಲಿ ನಮ್ಮ ಕಾರಿನ ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿತು. ಗಾಡಿ ಓಡುತ್ತಿರುವಾಗಲೇ ಸ್ಪೀಡಿನ ಮುಳ್ಳು ಸೊನ್ನೆಗೆ ಬೀಳುತ್ತಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ, ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಎಂಟು ದಿನಕ್ಕೆ ದೀಪ ಮತ್ತೆ ಹತ್ತಿತು. ಈ ಸಲ ಗೇರ್‌ಬಾಕ್ಸನ್ನೇ ಬಿಚ್ಚಬೇಕು ಎಂದರು. ಮನೆಯಲ್ಲಿ ಗಬ್ಬದ ಕಡಸನ್ನು ಮಾರುವ ಮಾತು ಬಂತು.

ನಾನು ಒಪ್ಪಲಿಲ್ಲ. ಬೇರೆ ಮೆಕ್ಯಾನಿಕ್ ಹತ್ತಿರ ಹೋದೆವು. ಆತ ಸೆನ್ಸರ್ ಮುಟ್ಟುವ ಮೊದಲು ಅದಕ್ಕೆ ಹೋಗುವ ವೈರು ಹಿಡಿದು ನೋಡಿದ. ಇಲಿ ಕಡಿದಿತ್ತು! ಕನೆಕ್ಟರಿಗೆ ನೀರು ಹೋಗಿ ಹಸಿರು ಕಿಲುಬು ಬೇರೆ. ತಪ್ಪು ನಮ್ಮದೂ ಇತ್ತು, ಕಾರು ನಿಲ್ಲಿಸುತ್ತಿದ್ದುದು ಹುಲ್ಲಿನ ಬಣವೆ ಪಕ್ಕ.

ಚೀಟಿಯಲ್ಲಿ ಎಸ್‌ಎನ್‌ಎಫ್ 8.5ಕ್ಕಿಂತ ಕಡಿಮೆ ಬಂದರೆ ನಾವೇನು ಮಾಡುತ್ತೇವೆ? ಹಸು ಬದಲಾಯಿಸುತ್ತೇವಾ? ಮೇವು ಕಡಿಮೆಯಾಯಿತೇ, ಕೆಚ್ಚಲು ಬಾವು ಇದೆಯೇ ಎಂದು ಹುಡುಕುತ್ತೇವೆ. ಸ್ಕ್ಯಾನರಿನ ಕೋಡೂ ಹಾಗೆಯೇ. ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದಾಗ ಪಿ0500 ಎಂದು ಬಂದರೆ, ಗಾಡಿಯ ವೇಗದ ಸುದ್ದಿ ಕಂಪ್ಯೂಟರಿಗೆ ಸರಿಯಾಗಿ ತಲುಪುತ್ತಿಲ್ಲ ಎಂದಷ್ಟೇ ಅರ್ಥ. ಸೆನ್ಸರ್ ಕೆಟ್ಟಿರಬಹುದು, ವೈರು ತುಂಡಾಗಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಯಾವುದೆಂದು ಕೋಡ್ ಹೇಳುವುದಿಲ್ಲ.

ಆಟೋಮ್ಯಾಟಿಕ್ ಗೇರಿನ ಗಾಡಿಯಾದರೆ ಇನ್ನೂ ಹುಷಾರು. ಗೇರ್‌ಬಾಕ್ಸಿಗೆ ಒಳಬರುವ ವೇಗ ಅಳೆಯಲು ಒಂದು ಸೆನ್ಸರ್, ಹೊರಹೋಗುವ ವೇಗಕ್ಕೆ ಇನ್ನೊಂದು. ಇವುಗಳ ಲೆಕ್ಕ ತಾಳೆಯಾಗದಿದ್ದರೆ ಕಂಪ್ಯೂಟರ್ ಗೇರ್‌ಬಾಕ್ಸ್ ಉಳಿಸಲೆಂದು ಗಾಡಿಯನ್ನು ಒಂದೇ ಗೇರಿನಲ್ಲಿ ಹಿಡಿದಿಡಬಹುದು. ಗೇರ್ ಬೀಳುತ್ತಿಲ್ಲ, ಬಾಕ್ಸೇ ಹೋಯಿತು ಎಂದು ನಾವು ಹೆದರುತ್ತೇವೆ. ಪಿ0700 ಎಂದು ಬಂದರೆ, ಗೇರಿನ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಇದೆ, ಅದನ್ನೂ ಓದಿ ಎಂದು ಅರ್ಥ. ಅದನ್ನು ಓದದೆ ಬಿಚ್ಚಲು ಹೊರಟವರನ್ನು ತಡೆಯಿರಿ.

ಗಾಡಿ ಓಡುತ್ತದಲ್ಲ, ದೀಪಕ್ಕೇನು ಅನ್ನುವವರಿದ್ದಾರೆ. ದೀಪ ಸುಮ್ಮನೆ ಹತ್ತಿ ನಿಂತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜು ಸೇರಬಹುದು. ಮಿನುಗುತ್ತಿದ್ದರೆ, ಅಥವಾ ಆಯಿಲ್ಲಿನದೋ ಬಿಸಿಯದೋ ಕೆಂಪು ದೀಪ ಹತ್ತಿದರೆ, ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಬ್ಯಾಟರಿ ವೈರು ಕಿತ್ತು ದೀಪ ಆರಿಸುವ ಉಪಾಯವಂತೂ ಬೇಡ. ಜೊತೆಗೆ ಕೋಡೂ ಅಳಿಸಿಹೋಗಬಹುದು, ರೋಗ ಒಳಗೇ ಉಳಿಯುತ್ತದೆ.

ಗ್ಯಾರೇಜಿನಲ್ಲಿ ಕೋಡನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ವೈರು, ಕನೆಕ್ಟರ್ ನೋಡಿದಿರಾ ಎಂದು ಕೇಳಿ. ಬದಲಾಯಿಸಿದ ಹಳೆಯ ಸಾಮಾನು ವಾಪಸ್ ಪಡೆಯಿರಿ. ಮಹಿಳಾ ಸಂಘಗಳ ತರಬೇತಿಯಲ್ಲಿ ಕೆಚ್ಚಲು ಬಾವಿನ ಪರೀಕ್ಷೆ ಕಲಿಸುವಂತೆ ಇದಕ್ಕೂ ಒಂದು ಗಂಟೆ ಇಡಬೇಕೆಂದು ನಮ್ಮ ಸಂಘದ ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ.

ಕಡಸನ್ನು ನಾವು ಮಾರಲಿಲ್ಲ. ಈಗ ಕರು ಹಾಕಿದೆ, ಹೆಣ್ಣು ಕರು.