ಸಹಾಯ ಕೇಳುವ ಪೋಸ್ಟ್‌ನಲ್ಲಿ ರೋಗಿಯ ಇಡೀ ರಿಪೋರ್ಟ್ ಯಾಕೆ?

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಯಾವುದೇ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ, ಚಿಕಿತ್ಸೆಗೆ ನೆರವು ಕೋರುವ ಪೋಸ್ಟ್ ಒಂದಾದರೂ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆ ಮಂಚದಲ್ಲಿ ಮಲಗಿದ ರೋಗಿಯ ಫೋಟೊ, ಸ್ಕ್ಯಾನಿಂಗ್ ವರದಿ, ಡಾಕ್ಟರ ಚೀಟಿ, ಆಧಾರ್ ಕಾರ್ಡ್, ಪಾಸ್‌ಬುಕ್, ಎಲ್ಲವೂ ಅದರಲ್ಲಿ. ಹಾಕಿದವರ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಊರವರು ಕೈಜೋಡಿಸಿದ್ದರಿಂದಲೇ ಎಷ್ಟೋ ಮನೆಗಳು ಉಳಿದಿವೆ. ಆದರೆ ಹಣ ಸೇರುತ್ತದೆ, ರೋಗಿ ಗುಣವಾಗಿ ಮನೆಗೆ ಬರುತ್ತಾರೆ, ಪೋಸ್ಟ್ ಮಾತ್ರ ಎಲ್ಲೂ ಹೋಗುವುದಿಲ್ಲ. ನಾಲ್ಕು ವರ್ಷ ಕಳೆದು ಮದುವೆ ಮಾತುಕತೆ ನಡೆಯುವಾಗ ಅದು ಯಾರದೋ ಮೊಬೈಲಿನಿಂದ ಮತ್ತೆ ಎದ್ದು ಬರಬಹುದು.

ಆರೋಗ್ಯದ ಮಾಹಿತಿ ಸೋರಿಕೆ ಅಂದರೆ ನಮಗೆ ನೆನಪಾಗುವುದು ಹ್ಯಾಕರ್‌ಗಳು. ಅದೂ ಸುಳ್ಳಲ್ಲ. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ನಡೆದು, ಸಿಬ್ಬಂದಿ ದಿನಗಟ್ಟಲೆ ಕೈಯಲ್ಲೇ ಬರೆದು ಕೆಲಸ ಮಾಡಬೇಕಾಯಿತು. 2023ರ ಜೂನ್‌ನಲ್ಲಿ ಕೋವಿಡ್ ಲಸಿಕೆ ಪಡೆದವರ ವಿವರಗಳು ಟೆಲಿಗ್ರಾಂನ ಒಂದು ಬಾಟ್‌ನಲ್ಲಿ ಸಿಗುತ್ತಿವೆ ಎಂದು ಗದ್ದಲವಾಯಿತು. ಕೋವಿನ್ ಪೋರ್ಟಲ್ ಸುರಕ್ಷಿತವಾಗಿದೆ ಎಂದು ಸರಕಾರ ಹೇಳಿತು. ಆದರೆ ನಮ್ಮ ಊರುಗಳಲ್ಲಿ ದಿನನಿತ್ಯ ಆಗುವ ಸೋರಿಕೆಗೆ ಹ್ಯಾಕರ್ ಬೇಕಾಗಿಲ್ಲ. ಒಂದು ಫಾರ್ವರ್ಡ್ ಸಾಕು.

ಕಾಸರಗೋಡಿನವರಿಗೆ ಇದು ಹೊಸ ಪಾಠವೇನೂ ಅಲ್ಲ. 2020ರ ಮಾರ್ಚ್ ಕೊನೆಗೆ ಕೇರಳದಲ್ಲೇ ಅತಿ ಹೆಚ್ಚು ಕೋವಿಡ್ ಪ್ರಕರಣಗಳಿದ್ದದ್ದು ನಮ್ಮ ಜಿಲ್ಲೆಯಲ್ಲಿ. ಸೋಂಕಿತರ ರೂಟ್ ಮ್ಯಾಪ್ ಮನೆಮನೆಯ ಮಾತಾಯಿತು. ಗಲ್ಫ್‌ನಿಂದ ಬಂದವರೆಂದರೆ ಜನ ದೂರ ಸರಿದರು. ಗಡಿಯಾಚೆ ಕರ್ನಾಟಕದಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಸರಕಾರವೇ ಪ್ರಕಟಿಸಿತು. ಅದೇ ಹೊತ್ತಿಗೆ ಕೇರಳದಲ್ಲಿ ಸ್ಪ್ರಿಂಕ್ಲರ್ ವಿವಾದ ಎದ್ದಿತು. ಜನರ ಆರೋಗ್ಯ ಮಾಹಿತಿಯನ್ನು ಅಮೆರಿಕದ ಕಂಪೆನಿಯೊಂದರ ಸಾಫ್ಟ್‌ವೇರ್‌ಗೆ ಕೊಡುವ ವಿಷಯ ಅದು. 2020ರ ಏಪ್ರಿಲ್ 24ರಂದು ಕೇರಳ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಯಾರ ಮಾಹಿತಿ ಎಂದು ಗುರುತು ಸಿಗದಂತೆ ಮಾಡಿಯೇ ಕಂಪೆನಿಗೆ ಕೊಡಬೇಕು, ಮೂರನೆಯವರು ನೋಡುವ ಸಾಧ್ಯತೆಯನ್ನು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ತುರ್ತು ಇದ್ದರೂ ಒಪ್ಪಿಗೆ ಕೇಳುವುದು ತಪ್ಪುವುದಿಲ್ಲ ಎಂಬುದೇ ಅದರ ಸಾರ.

ಈಗ ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳನ್ನು 2025ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಮುಖ್ಯ ಬಾಧ್ಯತೆಗಳು ಜಾರಿಯಾಗುವುದಕ್ಕೆ 18 ತಿಂಗಳ ಕಾಲಾವಕಾಶ ಇದೆ. ಮಾಹಿತಿಗೆ ಸರಿಯಾದ ಭದ್ರತೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕೂ ಉಂಟು. ನಮಗೆ ಮುಖ್ಯವಾದ ಇನ್ನೊಂದು ಮಾತು: ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲೋ ಓದುವ ಅವಕಾಶ ಕೊಡಬೇಕು. ಕನ್ನಡವೂ ಅದರಲ್ಲಿದೆ. ಮಲಯಾಳಂ ಓದಲು ಬಾರದ ನಮ್ಮ ಹಿರಿಯರು ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ.

ಆದರೆ ಇದೇ ಕಾಯ್ದೆಯಲ್ಲಿ ಒಂದು ಬಾಗಿಲು ತೆರೆದೇ ಇದೆ. ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಒಬ್ಬ ವ್ಯಕ್ತಿ ತನ್ನ ಖಾಸಗಿ, ಮನೆಯ ಉಪಯೋಗಕ್ಕೆ ಬಳಸುವುದಕ್ಕೂ ಅನ್ವಯಿಸುವುದಿಲ್ಲ. ಅಂದರೆ ಆಸ್ಪತ್ರೆಯಿಂದ ಸೋರಿದರೆ ಕೇಳುವುದಕ್ಕೆ ದಾರಿ ಇದೆ. ನಾವೇ ಫೇಸ್‌ಬುಕ್‌ನಲ್ಲಿ ಹಾಕಿದರೆ ಯಾರ ಹತ್ತಿರ ಹೋಗಿ ಕೇಳುವುದು?

ಇಲ್ಲಿ ನಮ್ಮದೊಂದು ವಿಶೇಷ ಕಷ್ಟ ಇದೆ. ದೊಡ್ಡ ಚಿಕಿತ್ಸೆಗೆ ನಾವು ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕು. ಊರಿನ ಡಾಕ್ಟರಿಗೆ ರಿಪೋರ್ಟ್ ತೋರಿಸಲು ಮೊಬೈಲೇ ಗತಿ. ಲ್ಯಾಬಿನಿಂದ ಮಗನಿಗೆ, ಮಗನಿಂದ ದುಬೈಯಲ್ಲಿರುವ ಅಣ್ಣನಿಗೆ, ಅಲ್ಲಿಂದ ಫ್ಯಾಮಿಲಿ ಗ್ರೂಪಿಗೆ. ಇದಕ್ಕೆ ಬೇರೆ ದಾರಿ ಇಲ್ಲವೆಂದಲ್ಲ. 14 ಅಂಕಿಯ ಆಭಾ ಸಂಖ್ಯೆ ಕಡ್ಡಾಯವಲ್ಲ. ಆದರೆ ಅದರ ವ್ಯವಸ್ಥೆಗೆ ಜೋಡಿಸಿಕೊಂಡ ಆಸ್ಪತ್ರೆಗಳಲ್ಲಿ, ಯಾವ ದಾಖಲೆಯನ್ನು ಯಾರು ಎಷ್ಟು ದಿನ ನೋಡಬಹುದು ಎಂದು ರೋಗಿಯೇ ಹೇಳಬಹುದು, ಬೇಡವೆಂದರೆ ನಿಲ್ಲಿಸಲೂಬಹುದು. ವಾಟ್ಸಾಪ್‌ನಲ್ಲಿ ಒಮ್ಮೆ ಕೈಬಿಟ್ಟ ಫೈಲಿಗೆ ಆ ಲಗಾಮು ಎಲ್ಲಿದೆ?

ಹಾಗಾದ್ರೆ ನೆರವು ಕೇಳುವುದೇ ಬೇಡವಾ? ಖಂಡಿತ ಬೇಕು. ಮೋಸದ ಪೋಸ್ಟ್‌ಗಳ ಕಾಲದಲ್ಲಿ ಕೊಡುವವರಿಗೆ ಪುರಾವೆಯೂ ಬೇಕು. ಆದರೆ ಆ ಪುರಾವೆಯನ್ನು ಊರಿಡೀ ನೋಡಬೇಕೆಂದಿಲ್ಲ. ಜಮಾಅತ್ ಕಮಿಟಿಯಲ್ಲೋ ಸಂಘಟನೆಯಲ್ಲೋ ಇಬ್ಬರು ಜವಾಬ್ದಾರಿಯುತರು ದಾಖಲೆ ಪರಿಶೀಲಿಸಲಿ. ಪೋಸ್ಟ್‌ನಲ್ಲಿ "ದಾಖಲೆ ನೋಡಿ ಖಚಿತಪಡಿಸಿದ್ದೇವೆ" ಎಂಬ ಒಂದು ಸಾಲು, ಬೇಕಾದ ಮೊತ್ತ, ಖಾತೆ ಸಂಖ್ಯೆ, ಕಮಿಟಿಯ ಫೋನ್ ನಂಬರ್ ಇದ್ದರೆ ಸಾಕು. ರೋಗದ ಹೆಸರು ಹಾಕಬೇಕೋ ಬೇಡವೋ ಎಂದು ರೋಗಿಯನ್ನೇ ಕೇಳಿ. ಮಕ್ಕಳ ಮುಖ, ಆಧಾರ್, ಪೂರ್ತಿ ವಿಳಾಸ ಬೇಡವೇ ಬೇಡ. ಮೊತ್ತ ಸೇರಿದ ದಿನವೇ ಪೋಸ್ಟ್ ತೆಗೆಯಿರಿ, ತೆಗೆದದ್ದನ್ನು ಗ್ರೂಪಿಗೂ ತಿಳಿಸಿ.

ನಾವು ಅಂಗಡಿಯವರು ಒಂದು ನಿಯಮ ಪಾಲಿಸುತ್ತೇವೆ: ಒಬ್ಬ ಗಿರಾಕಿಯ ಸಾಲದ ಲೆಕ್ಕ ಇನ್ನೊಬ್ಬ ಗಿರಾಕಿಗೆ ಕಾಣಬಾರದು. ಪುಸ್ತಕ ನಮ್ಮದಾದರೂ ಅದರಲ್ಲಿರುವ ಮಾನ ಅವರದ್ದು. ಕೆಲವು ನೂರು ರೂಪಾಯಿಯ ಕಡಕ್ಕೇ ಇಷ್ಟು ಮರ್ಯಾದೆ ಇರುವಾಗ, ಒಬ್ಬರ ದೇಹದ ಲೆಕ್ಕಕ್ಕೆ ಇನ್ನೆಷ್ಟು ಇರಬೇಡ? ಮುಂದಿನ ಪೋಸ್ಟ್ ನಿಮ್ಮ ಕೈಗೆ ಬಂದಾಗ, ನೆರವು ಕಳಿಸಿ. ಫಾರ್ವರ್ಡ್ ಮಾಡುವ ಮೊದಲು ರಿಪೋರ್ಟಿನ ಫೋಟೊ ತೆಗೆದುಹಾಕಿ.